ತಪ್ಪಾಯಿತು ಎಂದು ಹೇಳುವ ಪಾಠ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ಉದ್ದನೆಯ ಒಂದು ಹಾಲ್ ಇತ್ತು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕುಳಿತ ಹುಡುಗ ಹುಡುಗಿಯರಿಗೆ ಸಂಸ್ಥೆಯೊಂದು ಅಲ್ಲಿ ತರಬೇತಿ ಕೊಡುತ್ತಿತ್ತು. ಹೊಸದುರ್ಗ, ಭರಮಸಾಗರ, ಹಿರಿಯೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದ ಆ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನೂರೀನ್.

ಕಂಪ್ಯೂಟರಿಗೆ ಬೇರೆಯವರಿದ್ದರು, ಇಂಗ್ಲಿಷಿಗೆ ಬೇರೆಯವರಿದ್ದರು. ನೂರೀನ್ ಕಲಿಸುತ್ತಿದ್ದದ್ದು ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗದ ವಿದ್ಯೆ. ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ನಿಲ್ಲುವುದು ಹೇಗೆ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೇಳುವುದು ಹೇಗೆ? ಬೈಸಿಕೊಂಡ ದಿನ ಮನೆಗೆ ಹೋಗಿ ಊಟ ಮಾಡಿ ಮಲಗಿ, ಮರುದಿನ ಮತ್ತೆ ಅದೇ ಮನುಷ್ಯನ ಎದುರು ನಿಂತು ನಮಸ್ಕಾರ ಹೇಳುವುದು ಹೇಗೆ? ಇವೆಲ್ಲದರಲ್ಲಿ ಅವಳಿಗೆ ಬಹಳ ಇಷ್ಟವಾದ ಪಾಠ ಒಂದಿತ್ತು. ಕೈಯಿಂದ ತಪ್ಪು ನಡೆದರೆ ಇನ್ನೊಬ್ಬರು ಕಂಡುಹಿಡಿಯುವ ತನಕ ಕಾಯಬಾರದು, ತಾನೇ ಹೋಗಿ ಹೇಳಬೇಕು. ನೆಪ ಹೇಳಬಾರದು, ಸುತ್ತಿ ಬಳಸಬಾರದು.

ಒಮ್ಮೆ ಭರಮಸಾಗರದ ಹನುಮೇಶ್ ಎಂಬ ಹುಡುಗ ಎದ್ದು ನಿಂತು, "ಹೇಳಿದ್ಮೇಲೆ ಕೆಲಸದಿಂದ ತೆಗೆದ್ರೆ ಏನ್ ಮಾಡಾಣ ಮೇಡಂ?" ಎಂದು ಕೇಳಿದ್ದ.

"ನಿಜ ಹೇಳೋರನ್ನ ಯಾರಪ್ಪ ತೆಗೀತಾರೆ? ಮುಚ್ಚಿಟ್ಟೋರನ್ನ ತೆಗೀತಾರೆ," ಎಂದು ನೂರೀನ್ ನಕ್ಕಿದ್ದಳು. ತರಗತಿಯೂ ನಕ್ಕಿತ್ತು.

ಹಾಗೆ ನಂಬಲು ಅವಳಿಗೆ ಅವಳದೇ ಕಾರಣವಿತ್ತು. ಅವಳ ತಂದೆ ಹಜರತ್ ಅಲಿ ತಗಡಿನ ಪೆಟ್ಟಿಗೆ ಮಾಡುವವರು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಕೋಟೆಯ ಕೆಳಗಿನ ಬೀದಿಯಲ್ಲೇ ಅವರ ಬದುಕು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು ನೂರೀನ್. ದಾವಣಗೆರೆಯ ಒಂದು ಶೋರೂಮಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಾಗ ತಾಯಿ ತಾಜ್ ಬೀ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಆದರೆ ಅಲ್ಲಿನ ಸಾಹೇಬರು ಏನು ಹೇಳಿದರೂ ನೂರೀನ್ "ಹೂಂ ಸಾರ್" ಎನ್ನುತ್ತಿದ್ದಳೇ ಹೊರತು, ಅರ್ಥವಾಗಲಿಲ್ಲ ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ತಿಳಿಯದ ಕೆಲಸ ಮೇಜಿನ ಮೇಲೆ ಗುಡ್ಡೆಯಾಯಿತು. ಕೊನೆಗೊಂದು ದಿನ ಊಟದ ಡಬ್ಬಿಯನ್ನೂ ಅಲ್ಲೇ ಬಿಟ್ಟು ಬಸ್ಸು ಹತ್ತಿ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಆಮೇಲೆ ಹಿರಿಯೂರಿನ ಗಾರ್ಮೆಂಟ್ಸ್ ಒಂದರ ಆಫೀಸಿಗೆ ಸೇರಿದಾಗ ಅಲ್ಲಿನ ಸೂಪರ್‌ವೈಸರ್ ನಿಂಗಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬಾಯಿ ಬಿಟ್ಟು ಕೇಳೇ ಹುಡುಗಿ, ಬಟ್ಟೆ ಕತ್ತರಿಸಿದ ಮೇಲೆ ಅಳತೆ ಕೇಳಿದ್ರೆ ಏನು ಬಂತು?" ಎಂದು ಬೈದು ಬೈದು ತಿದ್ದಿದ್ದಳು. ಹೇಳಿದ್ದರಿಂದ ತಾನು ಉಳಿದೆ ಎನ್ನುವುದು ನೂರೀನ್ ಕಂಡುಂಡ ಸತ್ಯ. ಅದನ್ನೇ ಅವಳು ಮಕ್ಕಳಿಗೆ ಬಡಿಸುತ್ತಿದ್ದಳು.

ಆ ವರ್ಷದ ತಂಡದಲ್ಲಿ ಅನುಪಮಾ ಎಂಬ ಹುಡುಗಿ ಬಂದಳು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು, ಬಿ.ಎಸ್ಸಿ. ಮಾಡಿದ್ದಳು. ತಂದೆ ಬೋರಪ್ಪ, ತಾಯಿ ಪುಟ್ಟಕ್ಕ ಇಬ್ಬರೂ ಕಂಡವರ ಹೊಲದಲ್ಲಿ ದುಡಿಯುವವರು. ಮೊದಲ ವಾರ ಅನುಪಮಾಳ ದನಿಯೇ ಯಾರಿಗೂ ಕೇಳಿಸಲಿಲ್ಲ. ಹೆಸರು ಕೇಳಿದರೆ ನೆಲ ನೋಡುತ್ತಿದ್ದಳು. ನೂರೀನಳಿಗೆ ಅವಳಲ್ಲಿ ದಾವಣಗೆರೆಯ ಬಸ್ಸಿನಲ್ಲಿ ಅಳುತ್ತ ಬಂದ ಹುಡುಗಿಯೇ ಕಂಡಳು. ಎಲ್ಲರೂ ಊಟಕ್ಕೆ ಇಳಿದು ಹೋದ ಮೇಲೆ ಅವಳನ್ನು ಉಳಿಸಿಕೊಂಡು, ತಾನೇ ಮ್ಯಾನೇಜರ್ ಆಗಿ ಎದುರು ಕುಳಿತು, "ಈಗ ಹೇಳು, ಏನು ತಪ್ಪಾಯ್ತು?" ಎಂದು ಗದರಿಸಿ ಗದರಿಸಿ ಅಭ್ಯಾಸ ಮಾಡಿಸಿದಳು. ಅನುಪಮಾಳ ತಲೆ ಮೆಲ್ಲಗೆ ಮೇಲೆದ್ದಿತು, ದನಿಯೂ ಬಂತು. ಆ ತಂಡದಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಸಿಕ್ಕಿದ್ದು ಅವಳಿಗೇ. ಚಿತ್ರದುರ್ಗದ ಒಂದು ಖಾಸಗಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಬಂದವರ ಹೆಸರು ಬರೆದುಕೊಂಡು, ರಕ್ತ ತುಂಬಿದ ಗಾಜಿನ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸ. ಹರಿಯಬ್ಬೆಯಿಂದ ದಿನಾ ಓಡಾಡುವುದು ಕಷ್ಟವೆಂದು ಅವಳು ದುರ್ಗದಲ್ಲೇ ಒಂದು ಹಾಸ್ಟೆಲ್ ಹಿಡಿದಳು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸಂಸ್ಥೆಯ ಮುಖ್ಯಸ್ಥ ಕಲ್ಲೇಶ್ ಪಾಠದ ನಡುವೆಯೇ ನೂರೀನಳನ್ನು ಹೊರಗೆ ಕರೆದು ತನ್ನ ಮೊಬೈಲನ್ನು ಮುಖಕ್ಕೆ ಹಿಡಿದ. ಅದರಲ್ಲಿ ಒಂದು ವಿಡಿಯೋ ಓಡುತ್ತಿತ್ತು. ಲ್ಯಾಬಿನ ಕೌಂಟರಿನ ಮುಂದೆ ಒಬ್ಬ ಗಂಡಸು ಕೈಯೆತ್ತಿ ಕೂಗಾಡುತ್ತಿದ್ದ. ಕೌಂಟರಿನ ಆಚೆ ಅನುಪಮಾ ಎರಡೂ ಕೈ ಜೋಡಿಸಿಕೊಂಡು ಅಳುತ್ತಿದ್ದಳು.

"ನಿಮ್ಮ ಹುಡುಗಿ ನೋಡ್ರಿ ಮೇಡಂ. ಕೆಲಸದಿಂದ ತೆಗೆದಾರೆ. ಇನ್ಮೇಲೆ ನಿಮ್ಮ ಕಡೆಯೋರು ಯಾರೂ ಬ್ಯಾಡ ಅಂತ ಲ್ಯಾಬಿನ ಓನರ್ ಫೋನ್ ಮಾಡಿ ಹೇಳಿದ್ರು," ಎಂದ ಕಲ್ಲೇಶ್.

ನೂರೀನ್ ತನ್ನ ಮೊಬೈಲ್ ತೆಗೆದಳು. ಅನುಪಮಾಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಬಂತು. ಹಾಸ್ಟೆಲ್ಲಿಗೆ ಹೋಗಿ ಕೇಳಿದರೆ, ಬಟ್ಟೆಬರೆ ತೆಗೆದುಕೊಂಡು ಊರಿಗೆ ಹೋದಳು ಎಂದರು. ಭಾನುವಾರ ನೂರೀನ್ ಹಿರಿಯೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹರಿಯಬ್ಬೆಗೆ ಹೋದಳು.

ಬೋರಪ್ಪ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದ. "ಬರ್ರಿ ಮೇಡಂ, ಕುಂತ್ಕಳ್ರಿ," ಎಂದನಾದರೂ ಮುಖದಲ್ಲಿ ನಗು ಇರಲಿಲ್ಲ. ಪುಟ್ಟಕ್ಕ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅನುಪಮಾ ಒಳಗಿನಿಂದ ಬಂದು ಗೋಡೆಯ ಬುಡದಲ್ಲಿ ಕುಳಿತಳು. ಬಹಳ ಹೊತ್ತು ಕೇಳಿದ ಮೇಲೆ, ನಡೆದದ್ದನ್ನು ಹೇಳಿದಳು.

ಒಂದೇ ಬೆಳಿಗ್ಗೆ ಜುಂಜಮ್ಮ ಎಂಬ ಹೆಸರಿನ ಇಬ್ಬರು ಹೆಂಗಸರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಿದ್ದರು. ಒಬ್ಬಳು ಮುದುಕಿ, ಇನ್ನೊಬ್ಬಳು ನಡುವಯಸ್ಸಿನವಳು. ಜನ ನೂಕಾಡುತ್ತಿದ್ದರು. ಅನುಪಮಾ ಒಬ್ಬಳ ಚೀಟಿಯನ್ನು ಇನ್ನೊಬ್ಬಳ ಕೊಳವೆಗೆ ಅಂಟಿಸಿಬಿಟ್ಟಳು. ಸಂಜೆ ಕೌಂಟರ್ ಒಪ್ಪ ಮಾಡುವಾಗ ಚೀಟಿಯ ಮೇಲಿನ ವಯಸ್ಸನ್ನು ರಕ್ತ ಕೊಟ್ಟವರ ಸರದಿ ಬರೆದ ಪುಸ್ತಕದೊಡನೆ ತಾಳೆ ನೋಡಿದಾಗ, ಎರಡೂ ಅದಲುಬದಲಾಗಿದ್ದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಇಬ್ಬರಿಗೂ ವರದಿ ಹೋಗಿಯಾಗಿತ್ತು. ಸಕ್ಕರೆ ಏರಿದ್ದ ಮುದುಕಿಗೆ ಏನೂ ಇಲ್ಲವೆಂದೂ, ಏನೂ ಇಲ್ಲದವಳಿಗೆ ಸಕ್ಕರೆ ವಿಪರೀತ ಇದೆಯೆಂದೂ ಹೋಗಿತ್ತು. ಅವಳು ನೇರ ಮ್ಯಾನೇಜರ್ ದುರುಗೇಶನ ಮುಂದೆ ಹೋಗಿ ನಿಂತು ಹೇಳಿದಳು. ಅವನು ತಲೆ ಮೇಲೆ ಕೈ ಹೊತ್ತು ಕುಳಿತು, "ಆಯ್ತು, ನಾನು ನೋಡ್ಕಂತೀನಿ, ನೀನು ಸುಮ್ನಿರು," ಎಂದ. ಮರುದಿನವೂ ಅವನು ಯಾರಿಗೂ ತಿಳಿಸಲಿಲ್ಲ, ಅದರ ಮರುದಿನವೂ ಇಲ್ಲ. ಮತ್ತೆ ಕೇಳಿದ್ದಕ್ಕೆ, "ಓನರಿಗೆ ಗೊತ್ತಾದ್ರೆ ಇಬ್ಬರೂ ಮನೆಗೆ ಹೋಗ್ತೀವಿ," ಎಂದ. ಅನುಪಮಾಳಿಗೆ ಅನ್ನ ಸೇರಲಿಲ್ಲ. ತನ್ನದೇ ಫೋನಿನಿಂದ ಇಬ್ಬರ ಮನೆಗೂ ಕರೆ ಮಾಡಿ ನಿಜ ಹೇಳಿಬಿಟ್ಟಳು. ಇಲ್ಲದ ಕಾಯಿಲೆಗೆ ಮಾತ್ರೆ ನುಂಗಲು ಶುರು ಮಾಡಿದ್ದ ಹೆಂಗಸು ಅಷ್ಟರಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಕೌಂಟರಿನ ಮುಂದೆ ಕೂಗಾಡಿದವನು ಅವಳ ಗಂಡ. ಆ ಗಲಾಟೆಯಿಂದ ಓನರಿಗೆ ವಿಷಯ ತಿಳಿದು ಅನುಪಮಾಳ ಕೆಲಸ ಹೋಗಿತ್ತು.

"ನೀವು ಹೇಳಿದಂಗೇ ಮಾಡ್ದೆ ಮೇಡಂ," ಎಂದಳು ಅನುಪಮಾ, ನೆಲ ನೋಡುತ್ತ. "ಮೊದ್ಲು ಮೇಲಿನೋರಿಗೆ ಹೇಳ್ದೆ. ನೆಪ ಹೇಳ್ಲಿಲ್ಲ, ಸುತ್ತಿ ಬಳಸ್ಲಿಲ್ಲ. ಹೇಳಿದ್ಮೇಲೂ ಅವರು ಸುಮ್ನೆ ಕುಂತ್ರೆ ಏನ್ ಮಾಡ್ಬೇಕು ಅಂತ ನೀವು ಹೇಳ್ಕೊಟ್ಟಿರ್ಲಿಲ್ಲ."

ಬೋರಪ್ಪ ಕೈಯ ಧೂಳು ಕೊಡವಿಕೊಂಡು ಹತ್ತಿರ ಬಂದ.

"ನಮ್ಮ ಹುಡುಗಿ ತಪ್ಪು ಮಾಡ್ಯಾಳೆ, ಇಲ್ಲ ಅನ್ನಲ್ಲ. ಮಾಡಿದ ತಪ್ಪಿಗೆ ಬೈಸ್ಕಳ್ಳಿ, ಅದೂ ನ್ಯಾಯವೇ. ಆದ್ರೆ ಆ ವಿಡಿಯೋನ ನಮ್ಮೂರ ಹೋಟ್ಲಲ್ಲಿ ಕುಂತು ನೋಡಿದಾರೆ ಮೇಡಂ. ನಿಮ್ಮ ಮಗಳು ಯಾರಿಗೋ ವಿಷ ಹಾಕಿದ್ಲಂತೆ ಅಂತ ನನ್ನೇ ಕೇಳಿದ್ರು. ಅವಳು ಬಾಯಿ ಮುಚ್ಕಂಡಿದ್ರೆ ಇದೆಲ್ಲ ಇರ್ತಿತ್ತಾ? ನೀವು ಓದಿದೋರು, ನೀವೇ ಹೇಳ್ರಿ."

"ಮುಚ್ಕಂಡಿದ್ರೆ ಆ ಮುದುಕಿ ಗತಿ ಏನಾಗ್ತಿತ್ತಣ್ಣ?" ಎಂದಳು ನೂರೀನ್. ಹೇಳುವಾಗಲೇ ಆ ಮಾತು ಸಪ್ಪೆಯಾಗಿ ಕೇಳಿಸಿತು.

"ಆ ಮುದುಕಿ ಗತಿ ನೋಡಾಕೆ ಮ್ಯಾನೇಜರ್ ಇರ್ಲಿಲ್ವಾ? ದೊಡ್ಡೋರು ಎಲ್ಲ ಬಿಟ್ಟು ನನ್ನ ಮಗಳ ತಲೆ ಮ್ಯಾಲೇ ಬೀಳಬೇಕಿತ್ತಾ?"

ನೂರೀನ್ ಚೀಲ ಎತ್ತಿಕೊಂಡು ಎದ್ದಳು. ಹೊರಡುವಾಗ ಪುಟ್ಟಕ್ಕ ಬಾಗಿಲ ತನಕ ಬಂದು ಕುಂಕುಮಕ್ಕೆ ಕೈ ಎತ್ತಿದವಳು, ಇವರಿಗೆ ಅದು ನಡೆಯುವುದಿಲ್ಲವೆಂದು ನೆನಪಾಗಿ ಒಂದು ಹಿಡಿ ಶೇಂಗಾವನ್ನು ಅವಳ ಚೀಲಕ್ಕೆ ಸುರಿದಳು. ಆ ಮರ್ಯಾದೆ ಬೋರಪ್ಪನ ಮಾತಿಗಿಂತ ಹೆಚ್ಚು ಚುಚ್ಚಿತು. ಬಸ್ಸಿನಲ್ಲಿ ಹನುಮೇಶ್ ಕೇಳಿದ ಪ್ರಶ್ನೆ ಅವಳ ಕಿವಿಯಲ್ಲೇ ಕುಳಿತಿತ್ತು. ಎಂಥ ಸರಿಯಾದ ಪ್ರಶ್ನೆ ಕೇಳಿದ್ದ ಹುಡುಗ! ತಾನು ನಕ್ಕುಬಿಟ್ಟಿದ್ದಳು. ನಿಂಗಕ್ಕನಂಥವಳು ಮೇಲಿದ್ದುದರಿಂದ ತಾನು ಹೇಳಿ ಉಳಿದೆ, ಮೇಲಿರುವವರೆಲ್ಲ ನಿಂಗಕ್ಕ ಆಗಿರುವುದಿಲ್ಲ ಎನ್ನುವುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಮರುದಿನ ಅವಳು ಲ್ಯಾಬಿಗೆ ಹೋದಳು. ದುರುಗೇಶ್ ಅವಳು ಊಹಿಸಿಕೊಂಡಿದ್ದಂಥ ಮನುಷ್ಯನಾಗಿರಲಿಲ್ಲ. ತೆಳ್ಳಗಿನ ಆಳು, ಕಣ್ಣ ಕೆಳಗೆ ಕಪ್ಪು. ನೂರೀನ್ ಯಾರೆಂದು ತಿಳಿದ ಕೂಡಲೇ ಅವಳನ್ನು ಹಿಂದಿನ ಬಾಗಿಲಿಗೆ ಕರೆದೊಯ್ದ.

"ಆ ಹುಡುಗಿ ಮಾಡಿದ್ದು ತಪ್ಪಲ್ಲ ಮೇಡಂ, ನಂಗೂ ಗೊತ್ತು," ಎಂದ ತಗ್ಗಿದ ದನಿಯಲ್ಲಿ. "ಆ ಮುದುಕಿ ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡ್ಯಾಳೆ. ಡಾಕ್ಟ್ರು ಇನ್ನು ತಡ ಮಾಡಿದ್ರೆ ಕಷ್ಟ ಆಗ್ತಿತ್ತು ಅಂದ್ರಂತೆ. ನಾನೇ ಅವರ ಮನೆಗೆ ಫೋನ್ ಮಾಡಿ ಕೇಳ್ದೆ."

"ಹಂಗಿದ್ರೆ ಓನರ್ ಮುಂದೆ ಒಂದು ಮಾತು ಆಡಬಹುದಿತ್ತಲ್ಲ ಸರ್?"

"ಆಡಿದ್ರೆ ನಾನೂ ಹೊರಗೆ. ಮನೇಲಿ ತಾಯಿ ಹಾಸಿಗೆ ಹಿಡಿದಾಳೆ ಮೇಡಂ. ಹೇಳ್ತೀನಿ ಹೇಳ್ತೀನಿ ಅಂತ ಎರಡು ಸಲ ಓನರ್ ರೂಮಿನ ಬಾಗಿಲ ತನಕ ಹೋಗಿ ವಾಪಸ್ ಬಂದೆ."

ಬೇರೆ ಕಡೆಯವರು ಅನುಪಮಾ ಬಗ್ಗೆ ವಿಚಾರಿಸಿದರೆ ಕೆಟ್ಟದ್ದು ಹೇಳಬೇಡಿ, ಅಷ್ಟಾದರೂ ಮಾಡಿ ಎಂದು ನೂರೀನ್ ಕೇಳಿಕೊಂಡಳು. ಒಳಗಿನಿಂದ ಯಾರೋ ಕೂಗಿದ್ದಕ್ಕೆ ಅವನು ಓಡಿಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋಗಿದ್ದ ನೂರೀನ್, ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ರಸ್ತೆಯಲ್ಲಿ ನಿಂತಳು.

ಅಂದು ಸಂಜೆ ಮನೆಯಲ್ಲಿ ತಾಜ್ ಬೀ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ತಾಯಿ ಮಗಳು ಮಾತಾಡುವುದು ಮನೆಯ ಉರ್ದುವಿನಲ್ಲಿ.

"ಬೇಟಿ, ನೀನು ಸುಳ್ಳು ಹೇಳಿಕೊಡಲಿಲ್ಲ," ಎಂದಳು ತಾಜ್ ಬೀ. "ಆದರೆ ಈಜು ಕಲಿಸುವವರು ನೀರು ಎಷ್ಟು ಆಳ ಅಂತಲೂ ಹೇಳಬೇಕಲ್ಲ."

ನೂರೀನ್ ರೊಟ್ಟಿ ಮುರಿದವಳು ಬಾಯಿಗಿಡದೆ ಎದ್ದಳು.

ಕೆಲವು ದಿನಗಳ ಮೇಲೆ ಅನುಪಮಾ ಲ್ಯಾಬಿನಲ್ಲಿ ಕೊಟ್ಟಿದ್ದ ಅಂಕಪಟ್ಟಿಗಳನ್ನು ವಾಪಸ್ ಪಡೆಯಲು ದುರ್ಗಕ್ಕೆ ಬಂದಳು. ಬಂದವಳು ತಾನಾಗಿಯೇ ಫೋನ್ ಮಾಡಿದಳು. ಜನರ ನಡುವೆ ಕೂರಲು ಅವಳಿಗೆ ಮನಸ್ಸಿರಲಿಲ್ಲ. ಇಬ್ಬರೂ ಆಟೋ ಹಿಡಿದು ಚಂದ್ರವಳ್ಳಿಗೆ ಹೋಗಿ ಕೆರೆಯ ಬದಿಯ ಬಂಡೆಯ ಮೇಲೆ ಕುಳಿತರು. ನೂರೀನ್ ಮುದುಕಿಯ ಸುದ್ದಿ ಹೇಳಿದಳು. ಅನುಪಮಾಳ ಕಣ್ಣು ತುಂಬಿದವು.

"ಒಳ್ಳೇದಾಯ್ತು," ಎಂದಳು. ಕಣ್ಣು ಒರೆಸಿಕೊಂಡು, "ಆದ್ರೂ ಮೇಡಂ, ಇನ್ನೊಂದು ಸಲ ಹಂಗಾದ್ರೆ ಹೇಳ್ತೀನೋ ಇಲ್ವೋ ಗೊತ್ತಿಲ್ಲ," ಎಂದಳು.

"ತಪ್ಪು ನಂದು ಅನು. ಅರ್ಧ ಪಾಠ ಹೇಳಿ ನಿನ್ನ ಕಳಿಸಿಬಿಟ್ಟೆ. ಮ್ಯಾನೇಜರ್ ಸುಮ್ನಿದ್ದಾಗ ನಂಗೆ ಒಂದು ಫೋನ್ ಮಾಡು ಅಂತಾದ್ರೂ ಹೇಳಬೇಕಿತ್ತು. ಒಬ್ಬಳೇ ನಿಂತ್ಕಬೇಡ ಅಂತ ಹೇಳಬೇಕಿತ್ತು." ನೂರೀನ್ ಅವಳ ಕೈ ಹಿಡಿದುಕೊಂಡಳು. "ನಿನ್ನ ವಿಷಯ ಮುಂದಿನ ತಂಡದೋರಿಗೆ ಹೇಳಲಾ? ಹೆಸರು ಹೇಳಲ್ಲ."

ಅನುಪಮಾ ಕೈ ಬಿಡಿಸಿಕೊಂಡಳು. "ಬ್ಯಾಡ್ರಿ ಮೇಡಂ. ವಿಡಿಯೋ ನೋಡಿದೋರು ಸಾಕು. ಪಾಠದಲ್ಲೂ ನಾನು ಅಳಾದು ಬ್ಯಾಡ."

ನೂರೀನ್ ಆಯಿತೆಂದಳು. ಆ ಮಾತನ್ನು ಅವಳು ಕೊನೆಯ ತನಕ ಉಳಿಸಿಕೊಂಡಳು.

ಹೊಸ ತಂಡ ಶುರುವಾಗುವ ಮೊದಲು ಕಲ್ಲೇಶ್ ಅವಳನ್ನು ಕರೆದು ಕೂರಿಸಿ ಚಹಾ ತರಿಸಿದ.

"ಈ ತಪ್ಪು ಒಪ್ಕಳೋ ಪಾಠ ಒಂದು ಬಿಟ್ಬಿಡ್ರಿ ಮೇಡಂ. ಇಂಟರ್‌ವ್ಯೂಗೆ ಹೆಂಗೆ ಕುಂತ್ಕಬೇಕು, ಹೆಂಗೆ ಮಾತಾಡಬೇಕು, ಅಷ್ಟು ಸಾಕು. ಎಷ್ಟು ಜನಕ್ಕೆ ಕೆಲಸ ಸಿಕ್ತು ಅಂತ ಮೇಲಿನೋರು ನನ್ನ ಕೇಳ್ತಾರೆ. ಸಿಕ್ಕ ಕೆಲಸದಲ್ಲಿ ಏನಾಯ್ತು ಅಂತ ಯಾರೂ ಕೇಳಲ್ಲ."

"ಅದನ್ನ ಬಿಟ್ರೆ ನಾನು ಕಲಿಸೋಕೆ ಏನೂ ಉಳಿಯಲ್ಲ ಸರ್. ಬಿಡಲ್ಲ. ಇನ್ನೂ ಜಾಸ್ತಿ ಕಲಿಸ್ತೀನಿ. ಅದರಿಂದ ಏನೇನು ಆಗಬಹುದು ಅನ್ನೋದನ್ನೂ ಹೇಳ್ತೀನಿ."

"ಕೆಲಸ ಹೋಗಬಹುದು ಅಂತ ಹೇಳಿ ಕೆಲಸಕ್ಕೆ ಕಳಿಸ್ತೀರಾ?" ಕಲ್ಲೇಶ್ ಸಿಟ್ಟಾಗಲಿಲ್ಲ, ಬೇಸರದಿಂದ ನಕ್ಕ. ಹೊಸ ತಂಡಕ್ಕೆ ದಾವಣಗೆರೆಯಿಂದ ಬೇರೊಬ್ಬರು ಬಂದರು. ನೂರೀನಳಿಗೆ ಬೇಡವೆಂದು ಯಾರೂ ಹೇಳಲಿಲ್ಲ. ಬನ್ನಿ ಎಂದೂ ಯಾರೂ ಕರೆಯಲಿಲ್ಲ.

ಆ ಚಳಿಗಾಲ ಅವಳು ಬಹಳ ಕುಗ್ಗಿದಳು. ತಂದೆಯ ಅಂಗಡಿಯಲ್ಲಿ ಗಿರಾಕಿಗಳೊಡನೆ ಮಾತಾಡುತ್ತ ಕೂರುವಳು. ಹಳೆಯ ವಿದ್ಯಾರ್ಥಿಗಳು ಬೀದಿಯಲ್ಲಿ ಸಿಕ್ಕಿ "ನಮಸ್ಕಾರ ಮೇಡಂ" ಎಂದರೆ, ಇವರಲ್ಲಿ ಯಾರು ಎಲ್ಲಿ ತನ್ನ ಮಾತು ನಂಬಿ ಏಟು ತಿಂದಿದ್ದಾರೋ ಎಂದು ಒಳಗೊಳಗೇ ಅಂಜುವಳು. ಹೊಳಲ್ಕೆರೆಯ ಒಂದು ಕಾಲೇಜಿನವರು ಕೊನೆಯ ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಬಂದು ಹೇಳಿಕೊಡುತ್ತೀರಾ ಎಂದು ಕೇಳಿದಾಗ, ಒಪ್ಪಿಕೊಳ್ಳುವ ಧೈರ್ಯವೂ ಬರಲಿಲ್ಲ, ಬಿಡುವ ಮನಸ್ಸೂ ಬರಲಿಲ್ಲ. ಕೊನೆಗೆ ಹಜರತ್ ಅಲಿಯವರೇ, "ನೀನು ಅಂಗಡಿಯಲ್ಲಿ ಕೂತರೆ ಗಿರಾಕಿಗೆ ಪೆಟ್ಟಿಗೆಯ ದೋಷವನ್ನೆಲ್ಲ ಹೇಳುತ್ತೀ, ಹೋಗು ತಾಯಿ," ಎಂದು ಕಳಿಸಿದರು.

ಹೊಳಲ್ಕೆರೆಯಲ್ಲಿ ಅವಳು ಪಾಠವನ್ನು ಬೇರೆ ತೆರನಾಗಿ ಶುರು ಮಾಡಿದಳು. ತಪ್ಪನ್ನು ಹೇಳಿ, ಆದರೆ ಒಬ್ಬರೇ ಹೇಳಬೇಡಿ, ಜೊತೆಗೆ ಕೆಲಸ ಮಾಡುವ ಒಬ್ಬರಿಗೆ ಮೊದಲು ತಿಳಿಸಿ. ಮೇಲಿನವರು ಕೇಳದಿದ್ದರೆ ಅವರ ಮೇಲಿನವರು ಯಾರೆಂದು ಸೇರಿದ ದಿನವೇ ತಿಳಿದುಕೊಳ್ಳಿ. ಇಷ್ಟೆಲ್ಲ ಮಾಡಿಯೂ ಕೆಲಸ ಹೋಗಬಹುದು, ಹೋಗುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಅವಳು ಇದನ್ನು ಹೇಳಿದ ಮರುವಾರ ಕೆಲವರು ತರಗತಿಗೇ ಬರಲಿಲ್ಲ. ಬಂದವರು ಮುಖ ಗಂಟಿಕ್ಕಿಕೊಂಡು ಕುಳಿತಿದ್ದರು.

ಆ ಬೇಸಿಗೆಯಲ್ಲಿ ಅನುಪಮಾಳ ಫೋನ್ ಬಂತು. ಹೊಸದುರ್ಗದ ಹತ್ತಿರ ಒಂದು ಖಾಸಗಿ ಡೈರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಸಿಕ್ಕಿತ್ತು.

"ಹಳೇ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದ್ರು ಮೇಡಂ. ಅಮ್ಮಂಗೆ ಹುಷಾರಿರ್ಲಿಲ್ಲ ಅಂದೆ."

ಸುಳ್ಳು ಹೇಳಿದೆಯಾ ಎನ್ನಲೇ? ಒಳ್ಳೆಯದು ಮಾಡಿದೆ ಎನ್ನಲೇ?

"ಊಟಕ್ಕೆ ಅನುಕೂಲ ಐತಾ ಅಲ್ಲಿ?" ಎಂದಷ್ಟೇ ನೂರೀನ್ ಕೇಳಿದಳು.

ಮಳೆ ಹಿಡಿಯುವ ಹೊತ್ತಿಗೆ ಇನ್ನೊಂದು ಫೋನ್ ಬಂತು. ಮಧ್ಯಾಹ್ನ, ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ನೂರೀನ್ ದುರ್ಗದ ಬಸ್ಸು ಕಾಯುತ್ತಿದ್ದಳು. ಕರೆ ಮಾಡಿದವಳು ಅನುಪಮಾ. ಪರೀಕ್ಷೆಯ ಯಂತ್ರವನ್ನು ಬೆಳಿಗ್ಗೆ ಸರಿಯಾಗಿ ತೊಳೆಯದೆ ಶುರು ಮಾಡಿದ್ದಳು. ಒಂದು ಊರಿನ ಹಾಲಿನ ಕೊಬ್ಬಿನ ಲೆಕ್ಕವೆಲ್ಲ ಕಮ್ಮಿ ಬಂದಿತ್ತು, ಆ ಊರಿನವರಿಗೆ ದುಡ್ಡೂ ಕಮ್ಮಿ ಹೋಗುತ್ತಿತ್ತು. ಇನ್ನೂ ಯಾರಿಗೂ ಗೊತ್ತಿಲ್ಲ.

"ಏನ್ ಮಾಡ್ಲಿ ಮೇಡಂ?"

ಹೇಳು ಎಂಬ ಮಾತು ನೂರೀನಳ ನಾಲಿಗೆಯ ತುದಿಯ ತನಕ ಬಂದು ನಿಂತಿತು. ಹೇಳಬೇಡ ಎನ್ನುವ ಮಾತೂ ಅದರ ಪಕ್ಕದಲ್ಲೇ ಬಂದು ನಿಂತಿತ್ತು. ಅವಳಿಗೆ ತನ್ನ ಮೇಲೆಯೇ ಭಯವಾಯಿತು.

"ನಿನ್ನ ಜೊತೆ ಯಾರವ್ರೆ ಅಲ್ಲಿ?"

"ಜುಂಜೇಶಣ್ಣ ಅಂತ ಒಬ್ರು ಅವ್ರೆ. ಹಳಬರು. ಒಳ್ಳೇರು."

"ಮೊದ್ಲು ಅವರಿಗೆ ಹೇಳು. ಹಾಲಿನ ಸ್ಯಾಂಪಲ್ ಚೆಲ್ಲಬೇಡಿ ಅನ್ನು. ಆಮೇಲೆ ಇಬ್ಬರೂ ಸೇರಿ ಹೋಗ್ರಿ. ಹೋಗಾದು ಬಿಡಾದು ನಿಂಗೆ ಬಿಟ್ಟಿದ್ದು ಅನು, ನಾನು ಬಲವಂತ ಮಾಡಲ್ಲ. ಏನಾದ್ರೂ ಆಗ್ಲಿ, ಮುಗಿದ ಕೂಡ್ಲೇ ನಂಗೆ ಫೋನ್ ಮಾಡು. ಬಸ್ಸು ಬಂದ್ರೂ ನಾನು ಹತ್ತಲ್ಲ, ಇಲ್ಲೇ ಇರ್ತೀನಿ."

ದುರ್ಗದ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಕಲ್ಲುಬೆಂಚಿನ ಮೇಲೆ ಕುಳಿತ ನೂರೀನ್ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೊನೆಗೆ ಅದು ಸದ್ದು ಮಾಡಿತು.

"ಬೈದ್ರು ಮೇಡಂ. ಎಲ್ಲರ ಮುಂದೆ ಬೈದ್ರು. ಮತ್ತೆ ತೊಳೆದು ಎಲ್ಲಾ ಸ್ಯಾಂಪಲ್ ಇನ್ನೊಂದು ಸಲ ಮಾಡು ಅಂದ್ರು. ಮಾಡ್ತಾ ಇದೀನಿ. ಇಡ್ತೀನಿ ಮೇಡಂ, ಕೆಲಸ ಐತೆ."

ಕರೆ ನಿಂತಿತು. ನೂರೀನ್ ಮೊಬೈಲನ್ನು ಚೀಲಕ್ಕೆ ಹಾಕುವಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಹೆಂಗಸು ಏನಾಯಿತಮ್ಮ ಎಂದು ಕೇಳಿದಳು. ಏನಿಲ್ಲ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮುಂದಿನ ಬಸ್ಸು ಯಾವಾಗ ಎಂದು ವಿಚಾರಿಸಲು ಅವಳು ನಿಲ್ದಾಣದ ವಿಚಾರಣೆಯ ಕಿಟಕಿಯ ಕಡೆ ನಡೆದಳು.